ಕೌಂಟ್ ಕಡಿಮೆ ಬಂತು, ಇನ್ನು ಯಾವ ದಾರಿ?

ಮದುವೆಯಾಗಿ ವರ್ಷ ದಾಟಿತು ಅಂದರೆ ನಮ್ಮ ಕಡೆ ಯಾರ ಮನೆ ಊಟಕ್ಕೆ ಹೋದರೂ ಒಂದು ಪ್ರಶ್ನೆ ಕಾದಿರುತ್ತದೆ. "ವಿಶೇಷ ಉಂಟಾ?" ಕೇಳುವುದು ಹೆಂಡತಿಯನ್ನು. ನನ್ನನ್ನು ಯಾರೂ ಕೇಳಲಿಲ್ಲ. ಎರಡು ವರ್ಷ ಅವಳಿಗೆ ಸ್ಕ್ಯಾನ್, ರಕ್ತ ಪರೀಕ್ಷೆ, ಟ್ಯೂಬಿಗೆ ಡೈ ಹಾಕಿ ಎಕ್ಸ್‌ರೇ, ಅದರ ನೋವು ಬೇರೆ. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿಯೂ ಆಯಿತು. ಇದೆಲ್ಲ ಮುಗಿದ ಮೇಲೆ ನನ್ನ ವೀರ್ಯ ಪರೀಕ್ಷೆ. ಅದಕ್ಕೆ ಸಾವಿರ ರೂಪಾಯಿಯೂ ಆಗಲಿಲ್ಲ. ತೊಂದರೆ ಇದ್ದದ್ದು ಅಲ್ಲಿ: ವೀರ್ಯಾಣುಗಳ ಸಂಖ್ಯೆ, ಅಂದರೆ ಕೌಂಟ್, ಕಡಿಮೆ.

ಇದನ್ನು ನಾಲ್ಕು ಜನರ ಹತ್ತಿರ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತೋ ಒಳ್ಳೆಯದಾಯಿತೋ ಗೊತ್ತಿಲ್ಲ, ಈಗ ಗೆಳೆಯರು, ಗೆಳೆಯರ ಗೆಳೆಯರು ರಾತ್ರಿ ಹತ್ತರ ಮೇಲೆ ಫೋನ್ ಮಾಡುತ್ತಾರೆ, ಮೆಲ್ಲ ದನಿಯಲ್ಲಿ. ಮಾತ್ರೆ ತಗೊಳ್ಳುವುದಾ, ಆಪರೇಷನ್ ಮಾಡಿಸುವುದಾ, ಸೀದಾ ಇಕ್ಸಿಗೆ (ಹೆಂಡತಿಯ ಅಂಡ ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣು ಸೇರಿಸುವುದು) ಹೋಗುವುದಾ, ಇಲ್ಲ ನಾಟಿ ಮದ್ದು ನೋಡುವುದಾ? ಅವರಿಗೆ ಹೇಳಿದ್ದನ್ನೇ ಇಲ್ಲಿ ಒಂದು ಕಡೆ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಎರಡು ವರ್ಷ ಕಾಯುವ ಕೋಣೆಯಲ್ಲಿ ಕೂತು, ಓದಿ, ಕೇಳಿ ತಿಳಿದುಕೊಂಡವನು ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇರುವ ದಾರಿಗಳೆಲ್ಲ ಎರಡೇ ಬಗೆ. ಒಂದು, ಗಂಡಸಿನ ತೊಂದರೆಯನ್ನೇ ಸರಿಮಾಡುವುದು. ಇನ್ನೊಂದು, ತೊಂದರೆಯನ್ನು ಹಾಗೇ ಬಿಟ್ಟು ಅದನ್ನು ದಾಟಿ ಹೋಗುವುದು. ಎರಡನೆಯದರಲ್ಲಿ ತೊಂದರೆ ಅವನದು, ಸೂಜಿ ಅವಳಿಗೆ. ಯಾವ ದಾರಿ ಹಿಡಿದರೂ ಇದನ್ನು ಮರೆಯಬೇಡಿ.

ರಿಪೋರ್ಟ್ ಓದುವುದು ಹೇಗೆ

ಒಂದೇ ರಿಪೋರ್ಟ್ ನೋಡಿ ಹೆದರಬೇಡಿ. ವೀರ್ಯ ಕೊಡುವ ಮೊದಲು ಎರಡರಿಂದ ಏಳು ದಿನ ಬಿಡುವಿರಬೇಕು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು. ಮಂಗಳೂರಿನಲ್ಲಿ ಇದ್ದವರಿಗೆ ಇನ್ನೊಂದು ವಿಷಯ: ಮಲೇರಿಯಾ, ಡೆಂಗಿ, ಯಾವುದೇ ಜೋರು ಜ್ವರ ಬಂದು ಹೋಗಿದ್ದರೆ ಎರಡು ಮೂರು ತಿಂಗಳು ಕೌಂಟ್ ಬಿದ್ದಿರಬಹುದು. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಸ್ಯಾಂಪಲ್ ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ, ಮೈಯ ಬಿಸಿಗೆ ತಾಗುವ ಹಾಗೆ ಇಟ್ಟುಕೊಂಡು ತಲುಪಿಸಬೇಕು. ಮೂಡುಬಿದಿರೆಯಿಂದ ಬಸ್ಸಿನಲ್ಲಿ ತರುತ್ತೇನೆ ಅಂದರೆ ಆಗುವುದಿಲ್ಲ. ಸಾಬೂನು, ಎಣ್ಣೆ, ಎಂಜಲು ಯಾವುದೂ ಸೇರಬಾರದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ ಹೀಗಿದೆ. ಪ್ರಮಾಣ 1.4 ಮಿಲಿ, ಒಂದು ಮಿಲಿಗೆ 1.6 ಕೋಟಿ ವೀರ್ಯಾಣು (ರಿಪೋರ್ಟಿನಲ್ಲಿ 16 ಮಿಲಿಯನ್ ಅಂತ ಇರುತ್ತದೆ), ಒಟ್ಟು 3.9 ಕೋಟಿ, ಚಲಿಸುವವು ಶೇಕಡಾ 42, ಸರಿಯಾದ ಆಕಾರದವು ಶೇಕಡಾ 4. ಹೌದು, ನಾಲ್ಕೇ. "ನೂರರಲ್ಲಿ 95 ಸರಿಯಿಲ್ಲವಂತೆ" ಅಂತ ಅತ್ತುಕೊಂಡು ಫೋನ್ ಮಾಡಿದವರಿದ್ದಾರೆ, ಅವರದು ನಾರ್ಮಲ್ ರಿಪೋರ್ಟ್! ಈ ಮಿತಿ ಬಂದದ್ದೂ ಹೇಗೆ ಅಂದರೆ, ಒಂದು ವರ್ಷದೊಳಗೆ ಬಸಿರು ನಿಂತ ದಂಪತಿಗಳಲ್ಲಿ ಗಂಡಂದಿರ ವೀರ್ಯ ನೋಡಿ, ತೀರಾ ಕೆಳಗಿನ ಶೇಕಡಾ 5 ಜನರ ಹತ್ತಿರ ಗೆರೆ ಎಳೆದಿದ್ದಾರೆ. ಅಂದರೆ ಗೆರೆಯ ಕೆಳಗಿದ್ದವರಿಗೂ ಮಕ್ಕಳಾಗಿವೆ. ಗೆರೆಯ ಮೇಲಿದ್ದರೆ ಆಗಿಯೇ ಆಗುತ್ತದೆ ಅಂತಲೂ ಇಲ್ಲ.

ನಿಮಗೆ ಬೇಕಾದ ಲೆಕ್ಕ ಬೇರೆ. ಪ್ರಮಾಣ, ಮಿಲಿಗೆ ಎಷ್ಟು, ಅದರಲ್ಲಿ ಚಲಿಸುವವು ಶೇಕಡಾ ಎಷ್ಟು, ಮೂರನ್ನೂ ಗುಣಿಸಿ. ನನ್ನದು 2 ಮಿಲಿ, ಮಿಲಿಗೆ 80 ಲಕ್ಷ, ಚಲನೆ ಶೇಕಡಾ 30. ಗುಣಿಸಿದರೆ 48 ಲಕ್ಷ. ಚಲಿಸುವ ವೀರ್ಯಾಣುಗಳ ಈ ಒಟ್ಟು ಸಂಖ್ಯೆ ಒಂದು ಕೋಟಿಯ ಮೇಲಿದ್ದರೆ ನಿಮಗೆ ಹಲವು ದಾರಿ ತೆರೆದಿವೆ. ಐವತ್ತು ಲಕ್ಷದ ಕೆಳಗೆ ಹೋದ ಹಾಗೆ ದಾರಿ ಕಿರಿದಾಗುತ್ತದೆ.

ಯಾವ ಅಳತೆಯಲ್ಲಿ ತೂಗಬೇಕು

ಎಲ್ಲಕ್ಕಿಂತ ಮೊದಲು ಹೆಂಡತಿಯ ವಯಸ್ಸು. ಚಿಕಿತ್ಸೆ ಅವನಿಗಾದರೂ ಗಡಿಯಾರ ಅವಳದು. ಅವಳಿಗೆ 27 ಆಗಿದ್ದರೆ ಒಂದು ವರ್ಷ ಅವನಿಗೆ ಮದ್ದು ಮಾಡಿ ಕಾಯಬಹುದು. 37 ಆಗಿದ್ದರೆ ಆ ಒಂದು ವರ್ಷವೇ ದೊಡ್ಡ ಖರ್ಚು, ದುಡ್ಡಿಗಿಂತ ದೊಡ್ಡದು. ಅದಕ್ಕೇ ಸಾಮಾನ್ಯವಾಗಿ ಒಂದು ವರ್ಷ ಪ್ರಯತ್ನಿಸಿ ಪರೀಕ್ಷೆಗೆ ಬನ್ನಿ ಅನ್ನುವ ಡಾಕ್ಟರುಗಳು, ಅವಳಿಗೆ 35 ದಾಟಿದ್ದರೆ ಆರೇ ತಿಂಗಳು ಅನ್ನುತ್ತಾರೆ. ಅವಳ ಎಎಂಎಚ್ ಪರೀಕ್ಷೆಯೂ (ಅಂಡಾಶಯದಲ್ಲಿ ಅಂಡ ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತ ಪರೀಕ್ಷೆ) ಆಗಿರಲಿ.

ಎರಡನೆಯದು, ಕಾರಣ ಸಿಕ್ಕಿದೆಯಾ? ಇದನ್ನು ತುಂಬಾ ಕಡೆ ಬಿಟ್ಟುಬಿಡುತ್ತಾರೆ. ನಾವು ಮೊದಲು ಹೋದ ಒಂದು ಕ್ಲಿನಿಕ್ಕಿನಲ್ಲಿ ನನ್ನನ್ನು ಯಾರೂ ಮುಟ್ಟಿ ಕೂಡ ನೋಡಲಿಲ್ಲ, ರಿಪೋರ್ಟ್ ನೋಡಿದವರೇ ಇಕ್ಸಿ ಪ್ಯಾಕೇಜಿನ ಹಾಳೆ ಮುಂದಿಟ್ಟರು. ಆಮೇಲೆ ಒಬ್ಬರು ಯೂರಾಲಜಿಸ್ಟ್ ನನ್ನನ್ನು ನಿಲ್ಲಿಸಿ, ಕೆಮ್ಮಿಸಿ, ಐದು ನಿಮಿಷದಲ್ಲಿ ಹೇಳಿದರು, ಎಡಗಡೆ ವೆರಿಕೋಸಿಲ್, ಅಂದರೆ ವೃಷಣದ ರಕ್ತನಾಳ ಉಬ್ಬಿದ್ದು, ಉಂಟು ಅಂತ. ಮಣಿಪಾಲ, ಅತ್ತಾವರ, ಕಂಕನಾಡಿ, ದೇರಳಕಟ್ಟೆ ಅಂತ ಮೆಡಿಕಲ್ ಕಾಲೇಜುಗಳಿಗೆ ನಮ್ಮಲ್ಲಿ ಬರವಿಲ್ಲ ಮಾರಾಯ್ರೆ, ಒಮ್ಮೆ ಯೂರಾಲಜಿಗೆ ಹೋಗಿ ತೋರಿಸಿಕೊಂಡು ಬನ್ನಿ. ಇದು ಬರೀ ಮಗುವಿನ ವಿಷಯವೂ ಅಲ್ಲ. ವೃಷಣದ ಗಡ್ಡೆ, ಹಾರ್ಮೋನ್ ತೊಂದರೆ, ಹೊಸದಾಗಿ ಶುರುವಾದ ಸಕ್ಕರೆ ಕಾಯಿಲೆ, ಇವೆಲ್ಲ ಕೆಲವರಿಗೆ ಇದೇ ನೆಪದಲ್ಲಿ ಗೊತ್ತಾಗುವುದು. ಚಿಕ್ಕಂದಿನಲ್ಲಿ ಹರ್ನಿಯಾ ಆಪರೇಷನ್ ಆಗಿತ್ತಾ, ವೃಷಣ ಕೆಳಗಿಳಿದಿರಲಿಲ್ಲವಾ, ಮೀಸೆ ಬಂದ ಮೇಲೆ ಮಂಗನಬಾವು ಬಂದಿತ್ತಾ, ಅಮ್ಮನನ್ನು ಕೇಳಿಕೊಂಡೇ ಹೋಗಿ.

ಉಳಿದದ್ದು ದುಡ್ಡು, ರಜೆ ಮತ್ತು ಮನಸ್ಸು. ದುಡ್ಡಿನ ಲೆಕ್ಕ ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ: ಪರೀಕ್ಷೆ ನೂರರ ಲೆಕ್ಕ, ಐಯುಐ (ತೊಳೆದ ವೀರ್ಯವನ್ನು ಗರ್ಭಕೋಶಕ್ಕೆ ಬಿಡುವುದು) ಸಾವಿರದ ಲೆಕ್ಕ, ವೆರಿಕೋಸಿಲ್ ಆಪರೇಷನ್ ಹತ್ತಾರು ಸಾವಿರದ ಲೆಕ್ಕ, ಇಕ್ಸಿ ಲಕ್ಷದ ಲೆಕ್ಕ, ಅದೂ ಒಂದು ಸುತ್ತಿಗೆ.

ಮೂರು ತಿಂಗಳ ದಾರಿ

ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಇವತ್ತು ಸಿಗರೇಟ್ ಬಿಟ್ಟರೆ ಫಲ ಕಾಣುವುದು ಮೂರು ತಿಂಗಳಿಗೆ. ಬೀಡಿ, ಗುಟ್ಕಾ, ಜಾಸ್ತಿ ಕುಡಿತ, ಹೊಟ್ಟೆಯ ಬೊಜ್ಜು, ಇವನ್ನು ಇಳಿಸುವುದಕ್ಕೆ ಖರ್ಚಿಲ್ಲ. ಬಿಸಿ ಕೂಡ ಮುಖ್ಯ. ಬೇಕರಿಯ ಭಟ್ಟಿ ಮುಂದೆ, ಹೋಟೆಲ್ ಅಡುಗೆಮನೆಯಲ್ಲಿ, ಬೋಟಿನ ಇಂಜಿನ್ ಹತ್ತಿರ ದಿನವಿಡೀ ಇರುವವರು ನಮ್ಮಲ್ಲಿ ಎಷ್ಟು ಜನ ಇಲ್ಲ. ಕೆಲಸ ಬಿಡಲು ಆಗುವುದಿಲ್ಲ, ಗೊತ್ತು. ಕನಿಷ್ಠ ಡಾಕ್ಟರಿಗೆ ಹೇಳಿ, ಮತ್ತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಂದ ಇಳಿಸಿ.

ಜಿಮ್‌ಗೆ ಹೋಗುವ ಹುಡುಗರಿಗೆ ಬೇರೆಯಾಗಿ ಹೇಳಬೇಕು. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡರೆ ಗಂಡಸುತನ ಜಾಸ್ತಿಯಾಗಿ ಮಗು ಬೇಗ ಆಗುತ್ತದೆ ಅಂತ ನಂಬಿದವರಿದ್ದಾರೆ. ಆಗುವುದು ಉಲ್ಟಾ. ಹೊರಗಿನಿಂದ ಹಾರ್ಮೋನ್ ಬಂತು ಅಂತ ಮಿದುಳು ವೃಷಣಕ್ಕೆ ಕೆಲಸ ನಿಲ್ಲಿಸಲು ಹೇಳುತ್ತದೆ, ಕೌಂಟ್ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳಿ ಬರುತ್ತದೆ, ಆದರೆ ಆರು ತಿಂಗಳಿಂದ ಎರಡು ವರ್ಷದವರೆಗೂ ಹಿಡಿಯಬಹುದು.

ಈ ದಾರಿ ಯಾರಿಗೆ? ಕೌಂಟ್ ಸ್ವಲ್ಪವೇ ಕಡಿಮೆ ಇದ್ದು, ಹೆಂಡತಿಗೆ ಮೂವತ್ತರ ಒಳಗಿದ್ದರೆ ಇದೊಂದೇ ಸಾಕಾಗಬಹುದು. ಉಳಿದವರೂ ಮಾಡಿ, ಆದರೆ ಇದನ್ನೇ ನಂಬಿಕೊಂಡು ಬೇರೆಯದನ್ನು ಮುಂದೂಡಬೇಡಿ.

ಮಾತ್ರೆ, ಪುಡಿ, ಲೇಹ್ಯ

ಕೌಂಟ್ ಕಡಿಮೆ ಅಂದ ಕೂಡಲೇ ಮೊದಲು ಕೈಗೆ ಸಿಗುವುದು ಆ್ಯಂಟಿಆಕ್ಸಿಡೆಂಟ್ ಮಾತ್ರೆ. ತಿಂಗಳಿಗೆ ಸಾವಿರ, ಎರಡು ಸಾವಿರ. ನಾನೂ ಎಂಟು ತಿಂಗಳು ನುಂಗಿದೆ. 2020ರಲ್ಲಿ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳ ಮೇಲೆ ಮಾಡಿದ ದೊಡ್ಡ ಅಧ್ಯಯನ ಹೊರಬಂತು, ಗಂಡಸರಿಗೆ ಸತು ಮತ್ತು ಫೋಲಿಕ್ ಆ್ಯಸಿಡ್ ಕೊಟ್ಟು ನೋಡಿದ್ದರು. ಸುಮ್ನೆ ಸಕ್ಕರೆ ಮಾತ್ರೆ ತಗೊಂಡವರಿಗಿಂತ ಇವರಿಗೆ ಮಕ್ಕಳೇನೂ ಹೆಚ್ಚು ಹುಟ್ಟಲಿಲ್ಲ, ಹೊಟ್ಟೆ ಕೆಡುವುದು ಮಾತ್ರ ಜಾಸ್ತಿ ಇತ್ತು. ಬೇರೆ ಮಿಶ್ರಣಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. ತಗೊಂಡರೆ ದೊಡ್ಡ ಅಪಾಯ ಇಲ್ಲ, ಆದರೆ ಚಿಕಿತ್ಸೆ ನಡೆಯುತ್ತಿದೆ ಅನ್ನುವ ಸಮಾಧಾನದಲ್ಲಿ ವರ್ಷ ಹೋಗಿಬಿಡುತ್ತದೆ. ಕ್ಲೋಮಿಫೀನ್, ಲೆಟ್ರೋಜೋಲ್ ತರದ ಹಾರ್ಮೋನ್ ಏರುಪೇರು ಮಾಡುವ ಮಾತ್ರೆಗಳು ಬೇರೆ. ಟೆಸ್ಟೋಸ್ಟಿರಾನ್ ಕಡಿಮೆ ಇರುವ ಕೆಲವರಿಗೆ ಡಾಕ್ಟರು ಲೆಕ್ಕ ಹಾಕಿ ಕೊಡುತ್ತಾರೆ, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದಲ್ಲ.

ಮದ್ದಿನಿಂದ ನಿಜವಾಗಿ ದೊಡ್ಡ ಬದಲಾವಣೆ ಆಗುವ ಒಂದು ಗುಂಪು ಉಂಟು, ಸಣ್ಣ ಗುಂಪು. ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಬರಬೇಕಾದ ಹಾರ್ಮೋನೇ ಬರುತ್ತಿಲ್ಲ ಅನ್ನುವವರು. ಇವರಿಗೆ ಆ ಕೆಲಸ ಮಾಡುವ ಎಚ್‌ಸಿಜಿ, ಎಫ್‌ಎಸ್‌ಎಚ್ ಅನ್ನುವ ಹಾರ್ಮೋನುಗಳ ಇಂಜೆಕ್ಷನ್ ವಾರಕ್ಕೆ ಎರಡು ಮೂರು ಸಲ. ಆರು ತಿಂಗಳಿಂದ ಎರಡು ವರ್ಷ ಬೇಕು. ಸೊನ್ನೆಯಿಂದ ಶುರುವಾಗಿ ತಾನಾಗಿ ಮಕ್ಕಳಾದವರಿದ್ದಾರೆ. ಇದು ತಿಳಿಯುವುದು ಒಂದು ರಕ್ತ ಪರೀಕ್ಷೆಯಿಂದ. ಆ ಪರೀಕ್ಷೆ ಮಾಡದೆ ಇಕ್ಸಿಗೆ ಕಳಿಸಿದರೆ ಎಷ್ಟು ಅನ್ಯಾಯ ಅಲ್ವಾ?

ಆಯುರ್ವೇದದ ಬಗ್ಗೆ ಕೇಳದವರಿಲ್ಲ. ಅಶ್ವಗಂಧದಿಂದ ಕೌಂಟ್ ಏರಿದ್ದನ್ನು ತೋರಿಸಿದ ಸಣ್ಣ ಅಧ್ಯಯನಗಳಿವೆ. ಕೌಂಟ್ ಏರುವುದು ಬೇರೆ, ಮಗು ಆಗುವುದು ಬೇರೆ, ಎರಡನೆಯದಕ್ಕೆ ಅಷ್ಟು ಗಟ್ಟಿ ಆಧಾರ ಇಲ್ಲ. ಓದಿದ ವೈದ್ಯರ ಹತ್ತಿರ ಹೋದರೆ ನನ್ನ ತಕರಾರಿಲ್ಲ, ಆರು ತಿಂಗಳು ಅಂತ ಗಡುವು ಇಟ್ಟುಕೊಳ್ಳಿ. ಹೆಸರಿಲ್ಲದ ಪೊಟ್ಟಣದ ಪುಡಿ ಮಾತ್ರ ಬೇಡ. ಅದರಲ್ಲಿ ಸೀಸ, ಪಾದರಸ ಇದ್ದರೆ ಇದ್ದ ಕೌಂಟೂ ಹೋಗುತ್ತದೆ.

ವೆರಿಕೋಸಿಲ್ ಆಪರೇಷನ್

ವೃಷಣದ ಮೇಲಿನ ರಕ್ತನಾಳ ಉಬ್ಬಿ, ರಕ್ತ ನಿಂತು, ಬಿಸಿ ಜಾಸ್ತಿಯಾಗುವುದು. ಕಾಲಿನ ನರ ಉಬ್ಬುತ್ತದಲ್ಲ, ಹಾಗೆಯೇ. ಎಲ್ಲ ಗಂಡಸರಲ್ಲಿ ಶೇಕಡಾ 15ರಷ್ಟು ಜನರಿಗೆ ಇದು ಇರುತ್ತದೆ, ಮಗು ಆಗದೆ ಪರೀಕ್ಷೆಗೆ ಬರುವವರಲ್ಲಿ ಶೇಕಡಾ 35-40. ಹಾಗಾಗಿ ಇದ್ದವರೆಲ್ಲ ಆಪರೇಷನ್ ಮಾಡಿಸಬೇಕು ಅಂತಿಲ್ಲ. ಕೈಗೆ ಸಿಗುವಷ್ಟು ದೊಡ್ಡದಿರಬೇಕು, ವೀರ್ಯ ಪರೀಕ್ಷೆ ಕೆಟ್ಟಿರಬೇಕು, ಹೆಂಡತಿಯ ಕಡೆ ಸಮಯ ಇರಬೇಕು. ಬರೀ ಸ್ಕ್ಯಾನಿನಲ್ಲಿ ಕಂಡ ಸಣ್ಣ ವೆರಿಕೋಸಿಲ್‌ಗೆ ಚಾಕು ಹಾಕಿಸಿ ಪ್ರಯೋಜನ ಇಲ್ಲ.

ಮೈಕ್ರೋಸ್ಕೋಪ್ ಇಟ್ಟು ಮಾಡುವ ವಿಧಾನ ಕೇಳಿ. ಮರುಕಳಿಸುವುದು, ವೃಷಣದ ಸುತ್ತ ನೀರು ತುಂಬುವುದು ಅದರಲ್ಲಿ ಕಡಿಮೆ. ಒಂದು ದಿನ ಆಸ್ಪತ್ರೆ, ಕೆಲವು ವಾರ ಭಾರ ಎತ್ತುವ ಹಾಗಿಲ್ಲ. ಗುಣ ಕಾಣಲು ಮೂರರಿಂದ ಆರು ತಿಂಗಳು. ನನ್ನ 48 ಲಕ್ಷ ಆರು ತಿಂಗಳಿಗೆ ಒಂದೂವರೆ ಕೋಟಿಯ ಹತ್ತಿರ ಬಂತು. ಎಲ್ಲರಿಗೂ ಹೀಗಾಗುವುದಿಲ್ಲ, ನನ್ನ ಜೊತೆ ಅದೇ ವಾರ ಮಾಡಿಸಿಕೊಂಡವರೊಬ್ಬರಿಗೆ ಏನೂ ಬದಲಾಗಲಿಲ್ಲ. ನನಗೆ ಇದು ಹಿಡಿಸಿದ್ದು ಬೇರೆ ಕಾರಣಕ್ಕೆ: ಈ ಸಲ ಮಂಚದ ಮೇಲೆ ಮಲಗಿದ್ದು ನಾನು. ಫಲ ಸಿಕ್ಕಿದರೆ ಎರಡನೇ ಮಗುವಿಗೂ ಅದೇ ಸಾಕಾಗಬಹುದು. ಇಕ್ಸಿಯಲ್ಲಿ ಹಾಗಲ್ಲ, ಉಳಿದ ಭ್ರೂಣ ಫ್ರೀಜ್ ಮಾಡಿಟ್ಟಿಲ್ಲದಿದ್ದರೆ ಪ್ರತಿ ಸಲವೂ ಮೊದಲಿನಿಂದ ಶುರು.

ಐಯುಐ, ಅದರಿಂದ ಮುಂದೆ ಇಕ್ಸಿ

ಐಯುಐ ಅಂದರೆ ವೀರ್ಯವನ್ನು ತೊಳೆದು, ಚುರುಕಾದವನ್ನು ಆರಿಸಿ, ಸರಿಯಾದ ದಿನ ನೋಡಿ ಗರ್ಭಕೋಶದೊಳಗೆ ಬಿಡುವುದು. ಹತ್ತು ನಿಮಿಷದ ಕೆಲಸ, ಅರಿವಳಿಕೆ ಬೇಡ. ಒಂದು ಸಲಕ್ಕೆ ಬಸಿರಾಗುವ ಸಾಧ್ಯತೆ ಹತ್ತರಲ್ಲಿ ಒಂದು, ಅಬ್ಬಬ್ಬಾ ಅಂದರೆ ಒಂದೂವರೆ. ತೊಳೆದ ಮೇಲೆ ಚಲಿಸುವವು ಐವತ್ತು ಲಕ್ಷವಾದರೂ ಉಳಿಯಬೇಕು, ಇಲ್ಲದಿದ್ದರೆ ಸುಮ್ನೆ ದುಡ್ಡು. ಮೂರು, ಹೆಚ್ಚೆಂದರೆ ನಾಲ್ಕು ಸಲ ನೋಡಿ ನಿಲ್ಲಿಸಿ. ಏಳೆಂಟು ಸಲ ಮಾಡಿಸಿಕೊಂಡವರು ಸಿಕ್ಕಿದ್ದಾರೆ, ಕೂಡಿಸಿ ನೋಡಿದರೆ ಇಕ್ಸಿಯ ಅರ್ಧ ದುಡ್ಡು ಅಲ್ಲೇ ಹೋಗಿತ್ತು. ನಮಗೆ ಮೂರನೆಯ ಸಲಕ್ಕೆ ಬಸಿರು ನಿಂತಿತು. ಆಪರೇಷನ್ನಿಗೆ ಮೊದಲು ಮಾಡಿಸಿದ್ದರೆ ನಿಲ್ಲುವ ಸಾಧ್ಯತೆ ತೀರಾ ಕಡಿಮೆ ಇತ್ತು.

ಇಕ್ಸಿ 1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಿಂದ ಲೋಕಕ್ಕೆ ಗೊತ್ತಾದ ವಿಧಾನ. ಒಂದು ಅಂಡಕ್ಕೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಚುಚ್ಚಿ ಸೇರಿಸುವುದು. ಕೋಟಿಯ ಲೆಕ್ಕವೇ ಬೇಡ, ಬೆರಳೆಣಿಕೆಯಷ್ಟು ಇದ್ದರೂ ಸಾಕು. ತೀರಾ ಕಡಿಮೆ ಕೌಂಟ್ ಇದ್ದವರಿಗೆ ಇದರಷ್ಟು ನೇರ ದಾರಿ ಇನ್ನೊಂದಿಲ್ಲ. ಆದರೆ ಬೆಲೆ ಅವಳ ಮೈ ಕಟ್ಟುತ್ತದೆ. ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್, ಅರಿವಳಿಕೆ ಕೊಟ್ಟು ಅಂಡ ತೆಗೆಯುವುದು, ಕೆಲವರಿಗೆ ಅಂಡಾಶಯ ಊದಿಕೊಂಡು ಆಸ್ಪತ್ರೆ ಸೇರುವ ಹಾಗಾಗುವುದೂ ಉಂಟು. ಒಂದು ಸುತ್ತಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಲಕ್ಷ, ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ. ಫಲವೋ, ಅವಳಿಗೆ 35ರ ಒಳಗಿದ್ದರೆ ಹತ್ತರಲ್ಲಿ ಮೂರು ನಾಲ್ಕು, 40 ದಾಟಿದರೆ ಹತ್ತರಲ್ಲಿ ಒಂದು. ಹಾಗಾಗಿ ಒಂದೇ ಸುತ್ತಿಗೆ ಸಾಕಾಗುವಷ್ಟು ಸಾಲ ಮಾಡಿ ಹೋಗಬೇಡಿ, ಎರಡು ಸುತ್ತಿನ ಲೆಕ್ಕ ಹಾಕಿ, ಆಗುವುದಿಲ್ಲ ಅಂದರೆ ಮೊದಲು ಕಡಿಮೆ ಖರ್ಚಿನದ್ದನ್ನು ಮುಗಿಸಿ. ಕೌಂಟ್ ಮಿಲಿಗೆ ಐವತ್ತು ಲಕ್ಷಕ್ಕಿಂತ ಕಡಿಮೆ ಇದ್ದವರು ಇಕ್ಸಿಗೆ ಮೊದಲು ಕ್ರೋಮೋಸೋಮ್ ಮತ್ತು ವೈ ಕ್ರೋಮೋಸೋಮ್ ಪರೀಕ್ಷೆಯ ಬಗ್ಗೆ ಕೇಳಿ. ವೈ ಕ್ರೋಮೋಸೋಮಿನ ದೋಷ ಇದ್ದರೆ ಗಂಡು ಮಗುವಿಗೂ ಅದೇ ಬರುತ್ತದೆ.

ಸೊನ್ನೆ ಅಂತ ಬಂದರೆ

ಗಂಡಸರಲ್ಲಿ ನೂರಕ್ಕೆ ಒಬ್ಬರಿಗೆ ವೀರ್ಯದಲ್ಲಿ ವೀರ್ಯಾಣುವೇ ಇರುವುದಿಲ್ಲ. ಇಲ್ಲಿ ಪ್ರಶ್ನೆ ಒಂದೇ: ತಯಾರಾಗಿಯೂ ಹೊರಬರುತ್ತಿಲ್ಲವಾ, ತಯಾರೇ ಆಗುತ್ತಿಲ್ಲವಾ? ವೃಷಣದ ಗಾತ್ರ ಸರಿಯಿದ್ದು ಎಫ್‌ಎಸ್‌ಎಚ್ ನಾರ್ಮಲ್ ಇದ್ದರೆ ದಾರಿ ಕಟ್ಟಿರುವ ಸಾಧ್ಯತೆ ಹೆಚ್ಚು. ಆಗ ಸಣ್ಣ ಸೂಜಿಯಿಂದಲೇ ತೆಗೆಯಬಹುದು, ಸಿಗುವ ಭರವಸೆಯೂ ಚೆನ್ನಾಗಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮತ್ತೆ ಜೋಡಿಸುವ ಆಪರೇಷನ್ನೂ ಇದೆ.

ತಯಾರೇ ಆಗುತ್ತಿಲ್ಲ ಅಂದರೆ ಮೈಕ್ರೋ ಟೀಸೆ. ವೃಷಣವನ್ನು ತೆರೆದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹುಡುಕುವುದು. ಸಿಗುವುದು ಅರ್ಧಕ್ಕರ್ಧ ಜನರಿಗೆ. ಸಿಕ್ಕಿದರೂ ಮುಂದೆ ಇಕ್ಸಿ ಆಗಲೇಬೇಕು, ಅಂದರೆ ಎರಡು ಖರ್ಚು. ವೈ ಕ್ರೋಮೋಸೋಮಿನ ಎಝಡ್‌ಎಫ್ ಎ ಅಥವಾ ಬಿ ಭಾಗ ಪೂರ್ತಿ ಇಲ್ಲದಿದ್ದರೆ ಹುಡುಕಿ ಪ್ರಯೋಜನ ಇಲ್ಲ, ಸಿ ಭಾಗ ಮಾತ್ರ ಇಲ್ಲದಿದ್ದರೆ ಆಸೆ ಉಂಟು. ಒಂದು ರಕ್ತ ಪರೀಕ್ಷೆ ಒಂದು ಆಪರೇಷನ್ನನ್ನೇ ಉಳಿಸುತ್ತದೆ. ಅದನ್ನು ಬರೆಯದೆ ಆಪರೇಷನ್ ದಿನಾಂಕ ಕೊಟ್ಟರೆ ಎದ್ದು ಬನ್ನಿ.

ಸಿಗದವರಿಗೆ ದಾನಿಯ ವೀರ್ಯ. ಇದು ಖರ್ಚಿನಲ್ಲಿ ಹಗುರ, ಮನಸ್ಸಿಗೆ ಭಾರ. ಕೃತಕ ಗರ್ಭಧಾರಣೆಯ ಬಗೆಗಿನ 2021ರ ಕಾನೂನಿನ ಪ್ರಕಾರ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು, ದಾನಿಗೆ 21ರಿಂದ 55 ವರ್ಷ, ಒಬ್ಬ ದಾನಿಯದ್ದು ಒಂದೇ ದಂಪತಿಗೆ. ಹುಟ್ಟಿದ ಮಗು ಕಾನೂನಿನಲ್ಲಿ ನಿಮ್ಮದೇ. "ಗೊತ್ತಿದ್ದವರದ್ದು ವ್ಯವಸ್ಥೆ ಮಾಡುವಾ" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಗಂಡ ಬಾಯಲ್ಲಿ ಹೂಂ ಅಂದು ಒಳಗೆ ಕುದಿಯುತ್ತಿದ್ದರೆ ಆರು ತಿಂಗಳು ತಡವಾದರೂ ಪರವಾಗಿಲ್ಲ. ದತ್ತು ತೆಗೆದುಕೊಳ್ಳುವ ಮನಸ್ಸಿದ್ದವರು ಎಲ್ಲ ಚಿಕಿತ್ಸೆ ಮುಗಿಯಲಿ ಅಂತ ಕಾಯಬೇಡಿ. ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾ ಮೂಲಕ ನೋಂದಣಿ, ಮದುವೆಯಾಗಿ ಎರಡು ವರ್ಷ ಆಗಿರಬೇಕು, ಸರತಿ ವರ್ಷಗಟ್ಟಲೆ. ನನ್ನ ಗೆಳೆಯನೊಬ್ಬ ಮೈಕ್ರೋ ಟೀಸೆಗೆ ಮೊದಲೇ ಹೆಸರು ಬರೆಸಿದ್ದ, ಈಗ ಅವನ ಮಗಳು ಎಲ್‌ಕೆಜಿ.

ಗಲ್ಫಿನವರ ಲೆಕ್ಕ ಬೇರೆ

ಅತಿ ಹೆಚ್ಚು ಫೋನ್ ಬರುವುದು ಇವರಿಂದ. ದುಬೈ, ಕತಾರ್, ಇಲ್ಲ ಮುಂಬೈಯ ಹೋಟೆಲು. ವರ್ಷಕ್ಕೆ ಮೂವತ್ತು ದಿನ ರಜೆ, ಅದರಲ್ಲಿ ಎರಡು ಮದುವೆ, ಒಂದು ಕೋಲ, ಒಂದು ಗೃಹಪ್ರವೇಶ. ಐದು ವರ್ಷ ಆಯಿತು ಮಗು ಇಲ್ಲ ಅನ್ನುತ್ತಾರೆ. ಲೆಕ್ಕ ಹಾಕಿದರೆ ಜೊತೆಗಿದ್ದದ್ದು ಐದೇ ತಿಂಗಳು! ಇಂಥವರಲ್ಲಿ ಎಷ್ಟೋ ಜನರಿಗೆ ರೋಗವೇ ಇಲ್ಲ, ಜೊತೆಗಿರುವ ದಿನ ಕಡಿಮೆ ಅಷ್ಟೇ. ಇವರನ್ನು ಬಂದ ವಾರವೇ ಇಕ್ಸಿಗೆ ಎಳೆಯುವುದು ನನಗೆ ಸರಿ ಕಾಣುವುದಿಲ್ಲ.

ವೀರ್ಯ ಪರೀಕ್ಷೆಯನ್ನು ಅಲ್ಲೇ, ರಜೆಗೆ ಮೂರು ತಿಂಗಳು ಮೊದಲು ಮಾಡಿಸಿ. ಸರಿಯಿದ್ದರೆ ಅವಳ ಮುಟ್ಟಿನ ಲೆಕ್ಕ ನೋಡಿ ಟಿಕೆಟ್ ಬುಕ್ ಮಾಡಿ, ಮುಟ್ಟು ಶುರುವಾಗಿ ಎಂಟು ಹತ್ತು ದಿನಕ್ಕೆ ಮನೆಯಲ್ಲಿರುವ ಹಾಗೆ. ಕಡಿಮೆ ಇದ್ದರೆ ಬಂದ ವಾರವೇ ಯೂರಾಲಜಿಸ್ಟ್. ಐಯುಐಯೋ ಇಕ್ಸಿಯೋ ಬೇಕಾದೀತು ಅನ್ನಿಸಿದರೆ ಹೊರಡುವ ಮೊದಲು ವೀರ್ಯವನ್ನು ಫ್ರೀಜ್ ಮಾಡಿಸಿಟ್ಟು ಹೋಗಿ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಕರಗಿಸುವಾಗ ಒಂದಷ್ಟು ಸಾಯುತ್ತವೆ, ಕೌಂಟ್ ಮೊದಲೇ ಕಡಿಮೆ ಇದ್ದವರು ಎರಡು ಮೂರು ಸಲ ಕೊಡಬೇಕು, ಪ್ರತಿ ಸಲದ ನಡುವೆ ಎರಡು ಮೂರು ದಿನ ಬಿಟ್ಟು. ಅದಕ್ಕೇ ಈ ಕೆಲಸವನ್ನು ರಜೆಯ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ವಿಮಾನ ಹತ್ತಿದರೆ ಇಟ್ಟದ್ದು ಉಪಯೋಗಕ್ಕೆ ಬರುವುದಿಲ್ಲ.